ವಾಪಸ್ ಬರುವ ಬಸ್ಸಿನ ಕ್ಲಾಸು

ಅಫಜಲಪುರದ ಬಸ್‌ಸ್ಟ್ಯಾಂಡಿನಿಂದ ಬಜಾರದ ಕಡೆ ನಡೆದರೆ ಎಡಕ್ಕೆ ಸಿಗುವುದು ಜಹೀರುದ್ದೀನನ ಬಟ್ಟೆ ಅಂಗಡಿ. ಅಂಗಡಿ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಗಾದಿ ಹಾಸಿದ ಒಂದು ಕಟ್ಟೆ, ಹಿಂದೆ ಮೂರು ಗೋಡೆ ತುಂಬ ಕಟ್ ಪೀಸು, ಜಂಪರ್ ಪೀಸು, ಅಸ್ತರದ ಬಟ್ಟೆ, ಅಷ್ಟೆ. ಗಿರಾಕಿ ಚಪ್ಪಲಿ ಬಿಟ್ಟು ಗಾದಿ ಮೇಲೆ ಕೂತರೆ ಸಾಕು, ಒಂದರ ಮೇಲೊಂದು ಬಿಚ್ಚಿ ಒಗೆಯುತ್ತ ಹೋಗುತ್ತಾನೆ. ಕೈ ಬಟ್ಟೆಯ ಮೇಲಿದ್ದರೂ ಕಣ್ಣು ಮಾತ್ರ ಗಿರಾಕಿಯ ಮುಖ ಬಿಟ್ಟು ಅಲ್ಲಾಡುವುದಿಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ಜಹೀರುದ್ದೀನ ಗಾದಿ ಮೇಲೆ ಕೂತು ಕಲಿತದ್ದು ಒಂದೇ ಪಾಠ. "ಚಂದ ಅದ, ಭಾಳ ಚಂದ ಅದ" ಎಂದು ತಲೆಯಾಡಿಸುವ ಗಿರಾಕಿ ಬರಿಗೈಲೆ ಎದ್ದು ಹೋಗುತ್ತಾಳೆ. "ಇದೇನ್ರಿ ಬಣ್ಣ, ಎರಡು ಸಲ ಒಗದ್ರ ಹೋಗ್ತದ, ಅಗಲ ಬ್ಯಾರೆ ಕಮ್ಮಿ" ಎಂದು ಖೋಡಿ ತೆಗೆಯುವಾಕೆ ತೊಗೊಂಡೇ ಏಳುತ್ತಾಳೆ. ಅದಕ್ಕೇ ಹೊಗಳುವವರಿಗೆ ಅವನ ಅಂಗಡಿಯಲ್ಲಿ ನೀರು ಸಿಗುತ್ತದೆ, ಬೈಯುವವರಿಗೆ ಚಹಾ.

ಮನೆಯಲ್ಲಿ ಹೆಂಡತಿ ಕರೀಮುನ್ನಿಸಾ ಜೇವರ್ಗಿಯಾಕೆ. ಮದುವೆಯಾಗಿ ಇಷ್ಟು ವರ್ಷವಾದರೂ ನೀರು, ಜೋಳ, ಗಾಳಿ, ಡಾಕ್ಟರು ಎಲ್ಲವೂ ಜೇವರ್ಗಿಯಲ್ಲೇ ಚಲೋ. "ಹಂಗಾರ ಗಂಡನ್ನೂ ಅಲ್ಲೇ ನೋಡ್ಕೋಬೇಕಿತ್ತು" ಅಂದರೆ, "ನೋಡಿದ್ದೆವು, ಮುಗದಿದ್ರು" ಅನ್ನುತ್ತಾಳೆ. ಒಬ್ಬಳೇ ಮಗಳು ಮಿನಾಜ. ಉರ್ದು ಶಾಲೆಯಲ್ಲಿ ಓದುತ್ತಿದ್ದಳು. ಏಳನೇ ಇಯತ್ತೆಯಲ್ಲಿದ್ದಾಗ ಶಾಲೆಯವರು ಭೀಮಾ ನದಿಯ ಸೊನ್ನ ಬ್ಯಾರೇಜಿಗೆ ಕರೆದುಕೊಂಡು ಹೋಗಿದ್ದರು. ಉಳಿದ ಹುಡುಗಿಯರು ಫೋಟೊ ತೆಗೆಸಿಕೊಂಡು ಬಂದರೆ ಇವಳು ಒಂದು ಪ್ರಶ್ನೆ ಹೊತ್ತುಕೊಂಡು ಬಂದಳು.

"ಅಬ್ಬಾ, ಅಷ್ಟು ನೀರು ನಿಂತದ, ಅಷ್ಟು ದೊಡ್ಡ ಗೇಟು. ಅದನ್ನ ಎಷ್ಟು ಎತ್ತಬೇಕಂತ ಯಾರು ಹೇಳ್ತಾರ?"

"ಇಂಜಿನಿಯರು ಹೇಳ್ತಾರ."

"ನಾ ಅದಾ ಆಗ್ತೇನಿ."

ಕರೀಮುನ್ನಿಸಾ ರೊಟ್ಟಿ ಬಡಿಯುತ್ತಲೇ, "ಜೇವರ್ಗಿ ಕಡಿ ಹುಡುಗ್ಯಾರು ಹಿಂಗ ಇರ್ತಾರ ನೋಡು" ಅಂದಳು. ಮಗಳು ಹುಟ್ಟಿದ್ದು ಅಫಜಲಪುರದಲ್ಲಿ ಅನ್ನುವುದನ್ನು ಜಹೀರುದ್ದೀನ ನೆನಪಿಸಲು ಹೋಗಲಿಲ್ಲ.

ಇಂಜಿನಿಯರ್ ಆಗಬೇಕೆಂದರೆ ಪಿಯುಸಿ ಸೈನ್ಸ್ ಓದಬೇಕು. ಸೈನ್ಸ್ ಓದಲು ಕಲಬುರಗಿಗೆ ಹೋಗಬೇಕು. ಹೆದರಿಕೆ ಶುರುವಾಗುವುದು ಇಲ್ಲೇ. ಯಾಕೆಂದರೆ ಈ ಮನೆಯಿಂದ ಒಬ್ಬ ಆಗಲೇ ಹೋಗಿ ವಾಪಸ್ ಬಂದಿದ್ದ.

ಅವನು ಮುಕ್ರಮ, ಜಹೀರುದ್ದೀನನ ಅಣ್ಣನ ಮಗ, ಅದೇ ಉರ್ದು ಶಾಲೆಯಲ್ಲಿ ಓದಿದವನು. ಎಸ್ಸೆಸ್ಸೆಲ್ಸಿಯಲ್ಲಿ ಅವನ ಮಾರ್ಕ್ಸು ಕೇಳಿ ಮೊಹಲ್ಲಾಕ್ಕೆಲ್ಲ ಪೇಡೆ ಹಂಚಿದ್ದರು. ಹೊಸ ಟ್ರಂಕು, ಹೊಸ ಗಾದಿ, ಹೊಸ ಬಕೀಟು ಕೊಡಿಸಿ ಕಲಬುರಗಿಯ ಹಾಸ್ಟೆಲಿಗೆ ಬಿಟ್ಟು ಬಂದಿದ್ದರು. ಮೂರನೇ ತಿಂಗಳಿಗೆ ಅದೇ ಟ್ರಂಕು ಹೊತ್ತು ಬಸ್ಸಿಳಿದ. ಕೇಳಿದವರಿಗೆ ಹೊಟ್ಟೆ ನೋವು ಅಂದ. ಹಕೀಮರು ನೋಡಿದರು, ಡಾಕ್ಟರು ನೋಡಿದರು, ಹೊಟ್ಟೆಯಲ್ಲಿ ಹಸಿವು ಬಿಟ್ಟು ಮತ್ತೇನೂ ಸಿಗಲಿಲ್ಲ. ಎರಡು ಹೊತ್ತು ಉಂಡು ಸುಮ್ಮನೆ ಕೂತ ಹುಡುಗನನ್ನು ಜಹೀರುದ್ದೀನ ಗಾದಿಗೆ ಕರೆದು ಕೈಗೆ ಕತ್ತರಿ ಕೊಟ್ಟ. ಮುಕ್ರಮ ಬಟ್ಟೆ ಅಳೆಯುತ್ತ ಉಳಿದ. ಆ ವಿಷಯ ಮತ್ತೆ ಯಾರೂ ತೆಗೆಯಲಿಲ್ಲ.

ಮಿನಾಜ ಎಂಟನೇ ಇಯತ್ತೆಗೆ ಬಂದಾಗ ಜಹೀರುದ್ದೀನನ ವ್ಯಾಪಾರಿ ಬುದ್ಧಿ ಎದ್ದು ಕೂತಿತು. ಒಂದೇ ಗಿರಣಿಯ ಎರಡು ತಾನು ಬಟ್ಟೆ. ಮೊದಲನೆಯದನ್ನು ಹೊಲಿಸಿ ಒಗೆದ ಮೇಲೆ ಮುದುಡಿತು. ಎರಡನೆಯದನ್ನೂ ಹಾಗೆಯೇ ದರ್ಜಿಗೆ ಕೊಡುವವನು ವ್ಯಾಪಾರಿಯೇ? ಹತ್ತಿ ಬಟ್ಟೆಯನ್ನು ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿಡುತ್ತಾರೆ. ಮುದುಡುವುದಿದ್ದರೆ ಆಗಲೇ ಮುದುಡಲಿ, ಅಂಗಿಯಾದ ಮೇಲೆ ಬೇಡ. ಮಗಳನ್ನು ಕಾಲೇಜಿಗೆ ಈಗಲೇ ನೆನೆಸಿಡಬೇಕು ಅಂತ ಅವನು ಲೆಕ್ಕ ಹಾಕಿದ.

ಕಲಬುರಗಿಗೆ ಮಾಲು ತರಲು ಹೋದಾಗ ಒಂದು ಬೋರ್ಡು ಕಣ್ಣಿಗೆ ಬಿತ್ತು. ಎಂಟನೇ ಇಯತ್ತೆಯಿಂದಲೇ ಕಾಲೇಜಿನ ತಯಾರಿ, ಪ್ರತಿ ಐತವಾರ, ಎಲ್ಲಾ ಇಂಗ್ಲಿಷಿನಲ್ಲಿ. ಬೋರ್ಡಿನ ತುಂಬ ಕನ್ನಡಕ ಹಾಕಿದ ಮಕ್ಕಳ ಫೋಟೊ. ಫೀಸು ಕೇಳಿ ಒಂದು ಗ್ಲಾಸು ನೀರು ಕುಡಿದು, ಚೌಕಾಶಿಗೆ ಬಾಯಿ ತೆಗೆದ. ಅಲ್ಲಿ ಕೂತಿದ್ದ ಹುಡುಗಿ ನಗುತ್ತಾ ಒಂದೇ ದರ ಅಂದಳು. ಒಂದೇ ದರ ಅಂತ ತಾನೇ ದಿನಕ್ಕೆ ನೂರು ಸಲ ಹೇಳಿ ನೂರು ಸಲ ಇಳಿಸುವ ಜಹೀರುದ್ದೀನ, ಈ ಸಲ ಮಾತ್ರ ಸೋತು ಕಟ್ಟಿ ಬಂದ.

ಐತವಾರ ಅಂಗಡಿ ಬಿಟ್ಟು ಹೋಗುವ ಹಾಗಿಲ್ಲ. ಮಿನಾಜಳ ಜೊತೆಗೆ ಮುಕ್ರಮನನ್ನು ಕಳಿಸಿದ. ಹುಡುಗಿಗೆ ಬಸ್ಸು ಪುಕ್ಕಟೆ, ಕಾಯುವವನಿಗೆ ಟಿಕೆಟ್ಟು.

ತಿಂಗಳೊಪ್ಪತ್ತು ಆಯಿತು. "ಹ್ಯಾಂಗದ ಕ್ಲಾಸು?" ಅಂತ ಜಹೀರುದ್ದೀನ ಕೇಳಿದ.

"ಚಲೋ ಅದ ಅಬ್ಬಾ. ಭಾಳ ಚಲೋ ಅದ."

ಇಂಥ ಹೊಗಳಿಕೆ ಕೇಳಿ ಕೇಳಿ ಮುಪ್ಪಾದವ ಅವನು.

"ಒಂದು ಪಾಠ ಹೇಳು ನೋಡೂಣು."

ಮಿನಾಜ ಕೈ ಕಟ್ಟಿ ನಿಂತು, ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಕರೀಮುನ್ನಿಸಾ ಸೆರಗಿನಿಂದ ಮಗಳಿಗೆ ದೃಷ್ಟಿ ತೆಗೆದಳು. ಜಹೀರುದ್ದೀನ, "ಅಂದ್ರ ಏನು?" ಅಂದ. ಮಿನಾಜ ಅದನ್ನೇ ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದಳು.

"ಅಂದ್ರ ಏನಬೇ?"

ಹುಡುಗಿ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಒಳಗೆ ಹೋದಳು.

ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಏನೋ ಬದಲಾಯಿತು. ಮಿನಾಜ ಊಟಕ್ಕೆ ಕೂತಲ್ಲಿ ತಕರಾರು ತೆಗೆಯತೊಡಗಿದಳು. "ಕಬ್ಬಿಣ ನೀರಾಗ ಮುಳಗ್ತದ ಅಂದ್ರು ಸರ್. ಹಂಗಾರ ಹಡಗು ಯಾಕ ಮುಳುಗಂಗಿಲ್ಲ? ಅದೂ ಕಬ್ಬಿಣಾನೇ ಅಲ್ಲೇನು?" ಮರುದಿನ ಮತ್ತೊಂದು. ಸಾರಿನ ಪಾತ್ರೆಯಲ್ಲಿ ಎಣ್ಣೆ ಯಾಕೆ ಮೇಲೆ ತೇಲುತ್ತದೆ? ರೊಟ್ಟಿ ಯಾಕೆ ಉಬ್ಬುತ್ತದೆ? ಕರೀಮುನ್ನಿಸಾ, "ಉಬ್ಬಿದ್ದನ್ನ ಸುಮ್ನ ತಿನ್ನು" ಎಂದು ಗದರಿದಳು. ಜಹೀರುದ್ದೀನನಿಗೆ ಮಾತ್ರ ಖುಷಿಯೋ ಖುಷಿ. ಹುಡುಗಿ ಖೋಡಿ ತೆಗೆಯಾಕತ್ತಾಳ ಅಂದರೆ ಮಾಲು ತೊಗೊಂಡಾಳ! ಆ ಬೋರ್ಡಿನವರಿಗೆ ಮನಸ್ಸಿನಲ್ಲೇ ಸಲಾಮು ಹೊಡೆದ. ಬಜಾರದಲ್ಲಿ ಕೂತ ನಾಲ್ಕು ಮಂದಿಗೆ ಅವರ ಹೆಸರು ಹೇಳಿ, ನಿಮ್ಮ ಮಕ್ಕಳನ್ನೂ ಕಳಿಸ್ರಿ ಅಂತ ಪುಕ್ಕಟೆ ಪ್ರಚಾರವನ್ನೂ ಮಾಡಿದ.

ಇಪ್ಪತ್ತು ವರ್ಷ ಗಾದಿ ಮೇಲೆ ಕೂತವನು ಒಂದು ಅಂಗಡಿಯ ಮಾಲಿಗೆ ಇನ್ನೊಂದು ಅಂಗಡಿಯ ಹೆಸರು ಹೇಳಿಕೊಂಡು ತಿರುಗಾಡಿದ್ದು ಹೀಗೆ.

ಒಂದು ಐತವಾರ ಮುಕ್ರಮ ಗೆಳೆಯನ ಮದುವೆಗೆಂದು ಆಳಂದಕ್ಕೆ ಹೋದ. ಜಹೀರುದ್ದೀನನೇ ಅಂಗಡಿಗೆ ಬಾಗಿಲು ಹಾಕಿ ಮಗಳ ಜೊತೆ ಬಸ್ಸು ಹತ್ತಿದ. ಕಲಬುರಗಿಯಲ್ಲಿ ಕ್ಲಾಸಿನ ಹೊರಗೆ ಮೆಟ್ಟಿಲ ಮೇಲೆ ಕೂತು ತೂಕಡಿಸಿದ. ಬಿಟ್ಟ ಮೇಲೆ ಮಗಳಿಗೆ ಕಬ್ಬಿನ ಹಾಲು ಕುಡಿಸಿ ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದ. ಮಗಳು ಎಲ್ಲೆಲ್ಲೋ ನೋಡುತ್ತಿದ್ದಳು. ಚೌಡಾಪುರ ಬಂತು, ಗಾಣಗಾಪುರದ ಯಾತ್ರಿಕರು ಗದ್ದಲದಿಂದ ಇಳಿದರು. ಜಹೀರುದ್ದೀನ ಕಿಟಕಿಯಿಂದಲೇ ಬಿಸಿ ಮಿರ್ಚಿ ಭಜಿ ತೆಗೆದುಕೊಂಡು ಮಗಳ ಕೈಗಿಟ್ಟ. ಭಜಿ ಆರಿದರೂ ಅವಳು ಬಾಯಿಗಿಡಲಿಲ್ಲ.

"ಏನಾತಬೇ?"

"ಮುಕ್ರಮ ಭಾಯಿ ಮುಂದಿನ ವಾರ ಬರ್ತಾನಲ್ಲ ಅಬ್ಬಾ?"

"ಯಾಕ, ನಾ ಬಂದದ್ದು ಸಾಲಲಿಲ್ಲೇನು? ಭಜಿ ಕೊಡಿಸೇನಿ, ಕಬ್ಬಿನ ಹಾಲು ಕುಡಿಸೇನಿ."

"ಹಂಗಲ್ಲ. ವಾಪಸ್ ಬರೋ ಕ್ಲಾಸು ಇವತ್ತ ಆಗಲಿಲ್ಲ."

"ಯಾವ ಕ್ಲಾಸು?"

ಮಿನಾಜ ಅಳುಕುತ್ತ ಹೇಳಿದಳು. ಒಳಗೆ ಸರ್ ಹೇಳುವುದು ಅವಳಿಗೆ ಬಾಯಿಪಾಠ ಆಗುತ್ತದೆ, ತಲೆಗೆ ಹೋಗುವುದಿಲ್ಲ. ಸರ್ ಕೆಟ್ಟವರಲ್ಲ, ಒಂದನೇ ಇಯತ್ತೆಯಿಂದ ಇಂಗ್ಲಿಷಿನಲ್ಲಿ ಓದಿದ ಮಕ್ಕಳಿಗೆ ತಕ್ಕಂತೆ ಓಡುತ್ತಾರೆ. ಮುಕ್ರಮ ಭಾಯಿ ಹೊರಗೆ ಕಿಟಕಿ ಕೆಳಗೆ ಕೂತು ಎಲ್ಲಾ ಕೇಳುತ್ತಾನೆ. ಬಸ್ಸು ಕಲಬುರಗಿ ಬಿಟ್ಟ ಕೂಡಲೇ, ಇದಕ್ಕ ನಮ್ಮ ಶಾಲ್ಯಾಗ ಏನಂತಾರ ಹೇಳು, ಇದನ್ನ ಮನ್ಯಾಗ ಎಲ್ಲಿ ನೋಡೀಯ ಹೇಳು ಅಂತ ಶುರು ಮಾಡುತ್ತಾನೆ. ಅಫಜಲಪುರ ಬರುವುದರೊಳಗೆ ಎಲ್ಲಾ ತಿಳಿಯುತ್ತದೆ. ಚೌಡಾಪುರದ ಹತ್ತಿರ ರಸ್ತೆ ಕೆಲಸ ನಡೆದು ಬಸ್ಸು ನಿಂತ ದಿನ ಎರಡು ಪಾಠ ಆಗಿದ್ದವು.

ಜಹೀರುದ್ದೀನ ಆರಿದ ಭಜಿಯನ್ನು ತಾನೇ ತಿಂದ.

ಮರುದಿನ ಅಂಗಡಿ ತೆಗೆದು, ಕಸ ಹೊಡೆದು, ಲೋಬಾನದ ಹೊಗೆ ಹಾಕಿದ ಮೇಲೆ ಮುಕ್ರಮನನ್ನು ಎದುರಿಗೆ ಕೂರಿಸಿಕೊಂಡ.

"ಲೇ ಮುಕ್ರಮ, ಬಸ್ಸಿನ್ಯಾಗ ಬ್ಯಾರೆ ಅಂಗಡಿ ತೆಗದೀಯಂತಲ್ಲ?"

"ತಪ್ಪಾತು ಚಾಚಾ. ಹಾದಿ ಸಾಗಲಿ ಅಂತ ಸುಮ್ನ…"

"ಹೊಟ್ಟಿ ನೋವು ಹ್ಯಾಂಗದ ಈಗ?"

ಅಷ್ಟು ದಿನ ಯಾರೂ ಕೇಳದ ಪ್ರಶ್ನೆ. ಮುಕ್ರಮ ಕತ್ತರಿಯನ್ನು ತೆರೆದ, ಮುಚ್ಚಿದ.

"ಹೊಟ್ಟಿ ನೋವು ಇರಲೇ ಇಲ್ಲ ಚಾಚಾ."

"ಅದು ನಂಗ ಅವತ್ತ ಗೊತ್ತು. ಹೊಟ್ಟಿ ನೋವಿನಾಂವ ನಿನ್ನಷ್ಟು ಬಿರಿಯಾನಿ ತಿನ್ನಾಂಗಿಲ್ಲ. ಏನಾಗಿತ್ತು ಹೇಳು."

"ನಂಗ ಎಲ್ಲಾ ಬರ್ತಿತ್ತು ಚಾಚಾ. ಬರ್ತದ ಅನ್ನೋದಾ ಗೊತ್ತಾಗಲಿಲ್ಲ." ಮುಕ್ರಮ ತಲೆ ತಗ್ಗಿಸಿಯೇ ಹೇಳಿದ. "ಮೊದಲ್ನೇ ವಾರ ಸರ್ ಡೆನ್ಸಿಟಿ ಅಂದ್ರು. ಎಲ್ಲಾರೂ ಬರಕೊಂಡ್ರು, ನಾನೂ ಬರಕೊಂಡೆ. ನಮ್ಮ ಉರ್ದು ಪುಸ್ತಕದಾಗ ಅದಕ್ಕ ಕಸಾಫತ್ ಅಂತಾರ. ಕಸಾಫತ್ ಅಂದ್ರ ನಂಗ ನಿದ್ದಿಗಣ್ಣಾಗೂ ಬರ್ತದ. ಎರಡೂ ಒಂದಾ ಅಂತ ಯಾರೂ ಹೇಳಲಿಲ್ಲ. ಕೇಳಿದ್ರ ನಗ್ತಾರಂತ ನಾನೂ ಕೇಳಲಿಲ್ಲ. ಹಿಂಗ ದಿನಾ ಒಂದೊಂದು ಹಿಂದ ಬಿತ್ತು. ಆಮ್ಯಾಲ ಎಲ್ಲಿಂದ ಕೇಳಬೇಕನ್ನೋದೂ ತಿಳೀಲಿಲ್ಲ. ಈಗ ಆ ಕಿಟಕಿ ಕೆಳಗ ಕೂತು ಎಂಟನೇ ಕ್ಲಾಸಿಂದು ಕೇಳ್ದಾಗ, ಅರೆ, ಇದು ನಂದಾ ಮಾಲು, ಚೀಟಿ ಅಷ್ಟ ಬ್ಯಾರೆ ಹಚ್ಯಾರ ಅನ್ನಿಸ್ತು."

ಜಹೀರುದ್ದೀನ ಎದುರು ಹೋಟೆಲಿನ ಹುಡುಗನಿಗೆ ಎರಡು ಚಹಾ ಅಂತ ಕೈ ಮಾಡಿದ. ಮುಕ್ರಮ ಅಂಗಡಿಯಲ್ಲಿ ಕೂತು ಚಾಚಾನ ಎದುರಿಗೆ ಚಹಾ ಕುಡಿದದ್ದು ಅವತ್ತೇ ಮೊದಲು.

ಅವತ್ತಿನಿಂದ ಗಾದಿಗೆ ಹೊಸ ಕಾಯಿದೆ ಬಂತು. ಶಾಲೆ ಬಿಟ್ಟ ಮೇಲೆ, ಸಂಜೆಯ ಗಿರಾಕಿ ಏರುವ ಮುಂಚೆ ಸಿಗುವ ತಾಸಿನಲ್ಲಿ ಮಿನಾಜ ಬಂದು ಕೂರಬೇಕು. ಮುಕ್ರಮ ಉರ್ದು ಪುಸ್ತಕದ ಪಾಠವನ್ನೇ ಬಿಚ್ಚಬೇಕು, ಇಂಗ್ಲಿಷಿನಲ್ಲಿ ಮಡಚಬೇಕು. ಕಡೆಗೆ ಮಿನಾಜ ಅದನ್ನು ಅಪ್ಪನಿಗೆ ಮಾರಬೇಕು. ಅಪ್ಪನಿಗೆ ತಿಳಿದರೆ ಖರೀದಿ, ತಿಳಿಯದಿದ್ದರೆ ಮಾಲು ವಾಪಸ್.

ಅಪ್ಪ ಸುಲಭದ ಗಿರಾಕಿಯಲ್ಲ. "ಫ್ರಿಕ್ಷನ್ ಅಂದ್ರ ರಗಡ್" ಅಂದರೆ, "ಹೆಸರು ಹೇಳಬ್ಯಾಡ, ಮಾಲು ತೋರಿಸು" ಅನ್ನುವನು. ಮಿನಾಜ ಸಾಟಿನ್ ಬಟ್ಟೆಯ ಗಂಟನ್ನು ಇಳಿಜಾರಾಗಿ ಇಟ್ಟಳು, ಸರ್ರನೆ ಜಾರಿತು. ಖಾದಿಯ ಗಂಟು ಇಟ್ಟಳು, ಕೂತಲ್ಲೇ ಕೂತಿತು. "ಸಾಟಿನ್ ರಾಶಿ ದಿನಾ ಯಾಕ ಬೀಳ್ತದ ಅಂತ ಬೈತೀರಲ್ಲ ಅಬ್ಬಾ, ಇದಕ್ಕಾ." ಜಹೀರುದ್ದೀನ ಎರಡನ್ನೂ ಮತ್ತೆ ತಾನೇ ಇಟ್ಟು ನೋಡಿ, "ಆತು, ಕಟ್ಟು" ಅಂದ. ಮರುದಿನದಿಂದ ಸಾಟಿನ್ ರಾಶಿ ಕೆಳಗಿನ ಕಪಾಟಿಗೆ ಇಳಿಯಿತು. ಮೊದಲ ಲಾಭ ಅಂಗಡಿಗೇ ಆಯಿತು.

ಇದರ ನಡುವೆ ಬಂದು ಕೂತವರು ಮಥುರಾಬಾಯಿ. ನಿವೃತ್ತ ಗಣಿತ ಟೀಚರು. ಆಳಂದ ತಾಲೂಕಿನ ಮಟಕಿಯಲ್ಲಿ ನೌಕರಿ ಶುರು ಮಾಡಿ, ಅಫಜಲಪುರದ ಕನ್ನಡ ಹೈಸ್ಕೂಲಿನಲ್ಲಿ ಮುಗಿಸಿದವರು. ಊರೆಲ್ಲ ಅವರಿಗೆ ಅಕ್ಕೋರು ಅನ್ನುತ್ತದೆ. ಸೀರೆಯನ್ನು ಚೀಲದಲ್ಲಿ ತಂದು, ಅದಕ್ಕೆ ಹೊಂದುವ ಜಂಪರ್ ಪೀಸಿಗಾಗಿ ಇಡೀ ಅಂಗಡಿಯನ್ನು ನೆಲಕ್ಕೆ ಇಳಿಸಿ, ಮೊದಲು ತೋರಿಸಿದ್ದನ್ನೇ ಕಡೆಗೆ ಬೈದು ಒಯ್ಯುವ ಗಿರಾಕಿ. ಜಹೀರುದ್ದೀನನ ಪಾಲಿಗೆ ಖಾಯಂ ಚಹಾದ ಪೈಕಿ.

ಅವತ್ತು ಅವರು ಬಣ್ಣ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಮುಕ್ರಮ, "ಎರಡು ತ್ರಿಕೋನದ ಮೂರೂ ಜಾವಿಯಾ ಸಮ ಇದ್ರ ಎರಡೂ ತ್ರಿಕೋನ ಒಂದಾ" ಅನ್ನುತ್ತಿದ್ದ.

"ಏ ತಮ್ಮಾ," ಮಥುರಾಬಾಯಿ ಕನ್ನಡಕದ ಮೇಲಿಂದ ನೋಡಿದರು. "ಏನು ಸಮ ಅಂದಿ?"

"ಜಾವಿಯಾರಿ ಅಕ್ಕೋರೆ. ಕೋನ. ಆಂಗಲ್."

"ಹಂಗಾರ ತಪ್ಪು. ಆ ಚೌಕ ಪೀಸು ಕೊಡು ಇಲ್ಲಿ." ಅವರು ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿದರು. ದೊಡ್ಡ ತ್ರಿಕೋನವಾಯಿತು. ಅದನ್ನೇ ಇನ್ನೊಂದು ಸಲ ಮಡಚಿದರು. ಸಣ್ಣದಾಯಿತು. "ಈಗ ಕೋನ ಬದಲಾತೇನು?"

"ಇಲ್ರಿ."

"ಮತ್ತ ಇದೂ ಅದೂ ಒಂದೇನು? ಜಹೀರಸಾಬ, ದೊಡ್ಡ ಪೀಸು ಕೇಳಿದ ಗಿರಾಕಿಗೆ ಈ ಸಣ್ಣದು ಕಟ್ಟಿ ಕೊಡ್ರಿ, ಕೋನ ಸಮ ಅವ ಅಂತ ಹೇಳ್ರಿ, ನೋಡೂಣು."

"ಬಡೀತಾರ್ರಿ ಅಕ್ಕೋರೆ."

"ಆಕಾರ ಒಂದಾ, ಅಳತಿ ಬ್ಯಾರೆ. ಅದಕ್ಕ ಸಮರೂಪ ಅಂತಾರ, ಇಂಗ್ಲಿಷಿನ್ಯಾಗ ಸಿಮಿಲರ್. ಎರಡೂ ಒಂದಾ ಆಗಬೇಕಂದ್ರ ಕೋನದ ಜೋಡಿ ಒಂದು ಬದೀನೂ ಸಮ ಇರಬೇಕು."

ಅವತ್ತು ಜಂಪರ್ ಪೀಸು ಮರೆತೇ ಹೋಯಿತು. ಮರುದಿನ ಅದನ್ನು ಒಯ್ಯಲು ಬಂದವರು ಮತ್ತೆ ಮರೆತರು. ಮೂರನೇ ದಿನ ಚೀಲವನ್ನೇ ತರಲಿಲ್ಲ. ಮುಕ್ರಮ ಉರ್ದುವಿನಲ್ಲಿ ಹೇಳುವನು, ಅವರು ಕನ್ನಡದಲ್ಲಿ ತಿದ್ದುವರು, ಮಿನಾಜ ಇಂಗ್ಲಿಷಿನಲ್ಲಿ ಬರೆಯುವಳು.

"ಘರ್ಷಣೆಗೆ ನಿಮ್ಮ ಪುಸ್ತಕದಾಗ ರಗಡ್ ಅಂತಾರೇನು?" ಮಥುರಾಬಾಯಿಗೆ ಒಂದು ದಿನ ನಗು ತಡೆಯಲಿಲ್ಲ. "ನಮ್ಮಲ್ಲಿ ರಗಡ ಅಂದ್ರ ಭಾಳ ಅಂತ."

"ನೀವು ಬಂದು ಕೂತ ಮ್ಯಾಲ ನಮ್ಮ ಅಂಗಡ್ಯಾಗ ಎರಡೂ ರಗಡ ಅವರಿ" ಅಂದ ಜಹೀರುದ್ದೀನ.

ಫೀಸಿನ ಮಾತೆತ್ತಿದರೆ ಅಕ್ಕೋರಿಗೆ ಸಿಟ್ಟು. "ನಾ ಬರೂದು ಜಂಪರ್ ಪೀಸಿಗೆ. ಟ್ಯೂಶನ್ ಗೀಶನ್ ಅಂತ ಊರಾಗ ಹೇಳಿದ್ರ ನಿಮ್ಮ ಅಂಗಡಿ ಮೆಟ್ಟಲ ಹತ್ತಂಗಿಲ್ಲ." ವರ್ಷ ಮುಗಿದ ಮೇಲೆ ಐತವಾರದ ಕ್ಲಾಸು ನಿಂತಿತು, ಗಾದಿಯದು ನಿಲ್ಲಲಿಲ್ಲ. ಅಕ್ಕೋರು ಮುಕ್ರಮನನ್ನೂ ಬಿಡಲಿಲ್ಲ. "ಕಲಿಸಾಂವ ಬರೇ ಎಸ್ಸೆಸ್ಸೆಲ್ಸಿ ಪಾಸಾದ್ರ ಹ್ಯಾಂಗ? ಖಾಸಗಿಯಾಗಿ ಪಿಯುಸಿ ಕಟ್ಟು" ಎಂದು ಬೆನ್ನು ಹತ್ತಿದರು. ಸೈನ್ಸ್ ಹಾಗೆ ಕಟ್ಟಲು ಬರುವುದಿಲ್ಲ, ಕಾಮರ್ಸ್ ಕಟ್ಟಿದ. ಲೆಕ್ಕಶಾಸ್ತ್ರದಲ್ಲಿ ಅವನಿಗೆ ಬಂದ ಮಾರ್ಕ್ಸು ನೋಡಿ, "ಇನ್ನ ಮ್ಯಾಲ ಅಂಗಡಿ ಲೆಕ್ಕ ಇವನ ಮುಂದ ಮುಚ್ಚಿಡಬೇಕು" ಎಂದು ಜಹೀರುದ್ದೀನ ಹೆಂಡತಿಗೆ ಹೇಳಿದ.

ಮಿನಾಜಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮನೆಯಲ್ಲಿ ಪೇಡೆ ಹಂಚಲಿಲ್ಲ. ಕರೀಮುನ್ನಿಸಾ ಬೇಡ ಅಂದಳು. "ಆ ಸಲ ಹಂಚಿದ್ದೆವು. ಈ ಸಲ ಹೋಗಿ ನಿಂತ ಮ್ಯಾಲ ಹಂಚೂಣು." ಜಹೀರುದ್ದೀನ ಮಸೀದಿಗೆ ಹೋದ. ಅಲ್ಲಾಹನಿಗೆ ಶುಕ್ರ ಎಂದು ಉಪಕಾರ ನೆನೆಯುವಾಗಲೂ ಅವನು ಸಗಟು ವ್ಯಾಪಾರ ಮಾಡುವವನಲ್ಲ. ಮುಕ್ರಮನಿಗಾಗಿ ಒಂದು, ಅಕ್ಕೋರಿಗಾಗಿ ಒಂದು, ಕಿಟಕಿ ಮುಚ್ಚದೆ ಪಾಠ ಹೇಳಿದ ಆ ಸರ್‌ಗಾಗಿ ಒಂದು, ರಸ್ತೆ ಕೆಲಸ ಬೇಗ ಮುಗಿಸದವರಿಗಾಗಿ ಒಂದು, ಹೀಗೆ ಚಿಲ್ಲರೆಯಾಗಿಯೇ ಹೇಳಿ ಮುಗಿಸಿದ.

ಅಕ್ಕೋರಿಗೆ ಮಾತ್ರ ಕೈಯಲ್ಲೂ ಏನಾದರೂ ಕೊಡಬೇಕು ಅನ್ನಿಸಿತು. ಒಳ್ಳೆಯ ಇಳಕಲ್ ಸೀರೆ ತರಿಸಿ ಮುಂದಿಟ್ಟ. ಅವರು ಸೆರಗು ನೋಡಿದರು, ಅಂಚು ನೋಡಿದರು. ದಾರ ಸಡಿಲು ಅಂದರು, ಕೆಂಪು ಹೆಚ್ಚಾಯಿತು ಅಂದರು. ಇಷ್ಟು ಖೋಡಿ ತೆಗೆದಾರ, ಒಯ್ತಾರ ಬಿಡು ಅಂತ ಅವನು ಕಾಗದದಲ್ಲಿ ಸುತ್ತಿದ. ಅವರು ಅಲ್ಲೇ ಬಿಟ್ಟು ಎದ್ದು ಹೋದರು. ಅವನ ಖೋಡಿಯ ಲೆಕ್ಕ ಆ ದಿನ ಮೊದಲ ಸಲ ತಪ್ಪಿತು.

ಮಿನಾಜ ಕಲಬುರಗಿಯ ಕಾಲೇಜು ಸೇರಿದಳು. ಹಾಸ್ಟೆಲಿನಿಂದ ದಿನಾ ಫೋನು. ಮೊದಲ ತಿಂಗಳು ಸರಿಯಿತು, ಎರಡನೆಯದು ಸರಿಯಿತು. ಮೂರನೇ ತಿಂಗಳು ಹತ್ತಿದ ಮೇಲೆ ಕರೀಮುನ್ನಿಸಾ ಫೋನಿನಲ್ಲಿ ಮೊದಲು ಕೇಳುವುದು ಒಂದೇ, "ಹೊಟ್ಟಿ ಸರಿ ಅದಲ್ಲ?" ಜಹೀರುದ್ದೀನ ಕಲಬುರಗಿ ಬಸ್ಸು ಬಂದಾಗಲೆಲ್ಲ ಗಿರಾಕಿಯನ್ನು ಬಿಟ್ಟು ರಸ್ತೆ ನೋಡತೊಡಗಿದ.

ಒಂದು ಶನಿವಾರ ಸಂಜೆ ಆ ರ‍ಸ್ತೆಯಲ್ಲಿ ಮಿನಾಜ ನಡೆದು ಬಂದಳು. ಬರುವೆನೆಂದು ಫೋನಿನಲ್ಲಿ ಹೇಳಿರಲಿಲ್ಲ. ಕೈಯಲ್ಲಿ ಎಳೆದು ತರುತ್ತಿದ್ದದ್ದು ಇಷ್ಟು ದೊಡ್ಡ ಚೀಲ.

ಜಹೀರುದ್ದೀನನ ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಮುಕ್ರಮ ಗಾದಿಯಿಂದ ಎದ್ದು ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಬ್ಬಾ, ಮೊದಲ ನೀರು ಕೊಡ್ರಿ," ಎಂದಳು ಮಿನಾಜ. "ಚೀಲ ನಂದಲ್ಲ, ಇಕಿದು."

ಹಿಂದೆ ಇನ್ನೊಬ್ಬ ಹುಡುಗಿ ಇದ್ದಳು. ಅತ್ತು ಅತ್ತು ಮುಖ ಊದಿತ್ತು.

"ಇಕಿ ಪಲ್ಲವಿ, ನನ್ನ ರೂಮಿನಾಕಿ, ಮಟಕಿಯವಳು. ಕನ್ನಡ ಮೀಡಿಯಂ. ಎಲ್ಲಾ ಕಟ್ಟಿಕೊಂಡು ಆಳಂದ ಬಸ್ಸಿಗೆ ನಿಂತಿದ್ಲು, ಇನ್ನ ವಾಪಸ್ ಬರಂಗಿಲ್ಲ ಅಂತ. ಎರಡು ದಿನ ನಮ್ಮನಿಗೆ ಬಾ, ಆಮ್ಯಾಲ ಎಲ್ಲಿಗಾದ್ರೂ ಹೋಗು ಅಂತ ನಮ್ಮ ಬಸ್ಸಿಗೆ ಹತ್ತಿಸಿದೆ."

ಜಹೀರುದ್ದೀನ ಗೋಡೆಗೆ ಒರಗಿ ಕೂತ. ನಗು ಬಂತೋ ಅಳು ಬಂತೋ ಅವನಿಗೇ ಗೊತ್ತಾಗಲಿಲ್ಲ. ತಕ್ಷಣ ಯಜಮಾನಿಕೆ ನೆನಪಾಯಿತು. "ಮೊದಲ ಅಕಿ ಮನಿಗೆ ಫೋನ್ ಹಚ್ಚು. ಹೆತ್ತವರು ಅಲ್ಲಿ ಬಸ್ಸು ಕಾಯಾಕತ್ತಿರ್ತಾರ." ಪಲ್ಲವಿಯ ಅವ್ವ ಗಾಬರಿಯಲ್ಲಿ ಯಾರು ಏನು ಅಂತ ಕೇಳುವಾಗ ಮಥುರಾಬಾಯಿಯವರ ಹೆಸರು ಕೆಲಸಕ್ಕೆ ಬಂತು. "ಗಣಿತದ ಮಥುರಾಬಾಯಿ ಅಕ್ಕೋರಾ? ನಂಗೂ ಅವರಾ ಕಲಿಸಿದ್ರು. ಕಿವಿ ಹಿಂಡಿ ಕಳಿಸ್ರಿ ಅಂತ ಹೇಳ್ರಿ" ಅಂದಳು ಆಕೆ.

ಮನೆಯಲ್ಲಿ ಕರೀಮುನ್ನಿಸಾ ಮಗಳನ್ನು ಮೂಲೆಗೆ ಎಳೆದು, "ಅಕಿ ನಮ್ಮನ್ಯಾಗ ಉಣ್ತಾಳೇನು, ಕೇಳು" ಎಂದು ಪಿಸುಗುಟ್ಟಿದಳು. ಪಲ್ಲವಿಗೆ ಕೇಳಿಸಿತು. "ಮಾಂಸ ಒಂದು ಬ್ಯಾಡ್ರಿ ಚಾಚಿ. ಉಳದದ್ದು ಏನಿದ್ರೂ ಕೊಡ್ರಿ, ಮುಂಜಾನಿಂದ ಉಂಡಿಲ್ಲ." ಆ ರಾತ್ರಿ ಪುಂಡಿ ಪಲ್ಯ, ಜೋಳದ ರೊಟ್ಟಿ. ಉಣ್ಣುವುದನ್ನು ನೋಡಿ, ಈ ಹುಡುಗಿ ಖಂಡಿತ ಜೇವರ್ಗಿ ಕಡೆ ಸಂಬಂಧ ಇದ್ದಾಕೆ ಎಂದು ಕರೀಮುನ್ನಿಸಾ ತೀರ್ಮಾನಿಸಿದಳು.

ಐತವಾರ ಗಾದಿಯ ಅರ್ಧ ಭಾಗ ಹುಡುಗಿಯರಿಗೆ ಹೋಯಿತು. ಅಕ್ಕೋರು ಬಂದರು. ಪಲ್ಲವಿ ಎಲ್ಲದಕ್ಕೂ ತಲೆಯಾಡಿಸಿದಳು. "ತಿಳೀತದ್ರಿ. ಸ್ವಲ್ಪ ಸ್ವಲ್ಪ ಎಲ್ಲಾ ತಿಳೀತದ." ಅಕ್ಕೋರು ಎರಡು ಸಲ ಕೇಳಿದರು, ಗದರಿಯೂ ನೋಡಿದರು. ಹುಡುಗಿ ಇನ್ನೂ ಮುದುಡಿ ಕೂತಳು. ಗಿರಾಕಿ ಕೈಬಿಟ್ಟು ಹೋಗುತ್ತಾಳೆ ಅನ್ನುವುದು ಜಹೀರುದ್ದೀನನಿಗೆ ಕಾಣುತ್ತಿತ್ತು, ಆದರೆ ತೋರಿಸಲು ಅವನ ಹತ್ತಿರ ಮಾಲು ಇರಲಿಲ್ಲ.

ಆಗ ಮುಕ್ರಮ ಕತ್ತರಿ ಕೆಳಗಿಟ್ಟ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಬಾಗಿಲಲ್ಲಿ ಪಕ್ಕದ ಅಂಗಡಿಯವನೂ ಇದ್ದ.

"ನಾನೂ ಮೂರನೇ ತಿಂಗಳಿಗೆ ವಾಪಸ್ ಬಂದೇನಿ ತಂಗಿ," ಎಂದ. "ಹೊಟ್ಟಿ ನೋವು ಅಂತ ಊರಿಗೆಲ್ಲಾ ಸುಳ್ಳು ಹೇಳ್ದೆ. ನಂಗ ಏನೂ ತಿಳೀತಿರಲಿಲ್ಲ. ನಾನೂ ದಿನಾ ಹಿಂಗಾ ತಲಿ ಆಡಸ್ತಿದ್ದೆ. ನೀ ಕಡೀಕ ನಿಜವಾಗ್ಲೂ ತಿಳದದ್ದು ಯಾವ ಪಾಠ ಅಷ್ಟು ಹೇಳು, ಅಲ್ಲಿಂದ ಶುರು ಮಾಡೂಣು."

ಪಲ್ಲವಿ ಅವನನ್ನು ನೋಡಿದಳು. ಆಮೇಲೆ ಚೀಲದಿಂದ ಹೈಸ್ಕೂಲಿನ ಹಳೇ ಕನ್ನಡ ಪುಸ್ತಕ ತೆಗೆದು ಒಂದು ಪುಟ ತೋರಿಸಿದಳು. ಮಥುರಾಬಾಯಿ ಅವಳ ಹತ್ತಿರಕ್ಕೆ ಸರಿದು ಕೂತರು. ಜಹೀರುದ್ದೀನ ಗಿರಾಕಿಗಳಿಬ್ಬರಿಗೂ, "ನಾಳಿಗೆ ಬರ್ರಿ ಅಕ್ಕಾ, ಇವತ್ತ ಅಂಗಡಿ ಬಂದ್" ಅಂದ. ಹಬ್ಬದ ಮುಂಚಿನ ಐತವಾರ ಅವನ ಬಾಯಲ್ಲಿ ಇಂಥ ಮಾತು ಬಂದದ್ದಕ್ಕೆ ಪಕ್ಕದ ಅಂಗಡಿಯವನು ಬೆರಗಾಗಿ, ಆ ಇಬ್ಬರನ್ನೂ ತನ್ನಲ್ಲಿಗೆ ಕರೆದುಕೊಂಡು ಹೋದ.

ಸೋಮವಾರ ಮುಂಜಾನೆ ಕಲಬುರಗಿಯ ಮೊದಲ ಬಸ್ಸಿಗೆ ಇಬ್ಬರನ್ನೂ ಹತ್ತಿಸಲು ಜಹೀರುದ್ದೀನನೇ ಬಂದ. ಪಲ್ಲವಿಯ ಚೀಲವನ್ನು ತಾನೇ ಹೊತ್ತ. ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಹೆಗಲು ಬದಲಿಸಬೇಕಾಯಿತು.

"ಏನದ ತಂಗಿ ಇದ್ರಾಗ, ಇಷ್ಟು ಭಾರ?"

"ಕಾಲೇಜಿನ ಪುಸ್ತಕರಿ ಚಾಚಾ. ಮೊನ್ನಿ ಶನಿವಾರ ಕಲಬುರಗ್ಯಾಗ ಹಳೇ ಪುಸ್ತಕದ ಅಂಗಡಿಗೆ ಮಾರಾಕ ಒಯ್ದಿದ್ದೆ. ಅಂಗಡ್ಯಾಂವ ಊಟಕ್ಕ ಹೋಗಿದ್ದ."

ಜಹೀರುದ್ದೀನ ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಅಲುಗಾಡದಂತೆ ಕಾಲಿನಿಂದ ಒತ್ತಿ ಕೂರಿಸಿದ. ಕಂಡಕ್ಟರ್ ಸೀಟಿ ಊದಿದ ಮೇಲೆ ಕೆಳಗಿಳಿದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದ. ಹೊತ್ತಿಗೆ ಸರಿಯಾಗಿ ಅಂಗಡಿಗೆ ಬಾಗಿಲು ಹಾಕಿಕೊಂಡು ಉಣ್ಣಲು ಹೋದ ಆ ಹೆಸರು ಗೊತ್ತಿಲ್ಲದ ಪುಸ್ತಕದ ವ್ಯಾಪಾರಿಗಾಗಿಯೂ ಒಂದು ಶುಕ್ರ ಹೇಳಿ, ಬಜಾರದ ಕಡೆ ನಡೆದ.